ಬಾಕ್ಸ್ ಖಾಲಿ ಮಾಡಿದ್ರೂ ಹಳೇ 500 ಯಾಕೆ ಸೇವ್ ಆಗತ್ತೆ?

ಪ್ರಶ್ನೆ: ಸರ್, ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋಸ್ ಆ್ಯಪ್ ಮಾಡೋಕೆ ಮೈಕ್ರೋಸಾಫ್ಟ್ ಕೊಟ್ಟಿರೋ ಫ್ರೇಮ್‌ವರ್ಕ್) ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿದೀನಿ. ಡಿಸ್ಕೌಂಟ್ ಡೆಸಿಮಲ್ ಪ್ರಾಪರ್ಟಿ, ಟೆಕ್ಸ್ಟ್‌ಬಾಕ್ಸ್‌ಗೆ ಬೈಂಡ್ ಮಾಡಿದೀನಿ, ಅಂದ್ರೆ ಬಾಕ್ಸಲ್ಲಿ ಬರೆದದ್ದು ತಾನಾಗೇ ಪ್ರಾಪರ್ಟಿಗೆ ಹೋಗೋ ಹಾಗೆ ಜೋಡಿಸಿದೀನಿ. 500 ಅಳಿಸಿ ಖಾಲಿ ಬಿಟ್ರೆ ಕೆಂಪು ಬಾರ್ಡರ್ ಬರತ್ತೆ, ಆದ್ರೆ ಸೇವ್ ಒತ್ತಿದ್ರೆ 500ನೇ ಹೋಗತ್ತೆ. ಇನ್ನೊಂದು, ವಿಂಡೋಸ್‌ನಲ್ಲಿ ಇಂಡಿಯಾ ಸೆಟ್ಟಿಂಗೇ ಇದ್ರೂ ತಾರೀಖಲ್ಲಿ ತಿಂಗಳು ಮೊದಲು ಬರತ್ತೆ.

ಉತ್ತರ: ಮೊದಲನೇದು ನಿಜವಾಗ್ಲೂ ಅಪಾಯದ ತಪ್ಪು, ದುಡ್ಡಿನ ವಿಷಯ ಅಲ್ವಾ. ಟೆಕ್ಸ್ಟ್‌ಬಾಕ್ಸಲ್ಲಿ ಇರೋದು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು), ಖಾಲಿ ಸ್ಟ್ರಿಂಗನ್ನ ಡೆಸಿಮಲ್ (ಸಂಖ್ಯೆ) ಮಾಡೋಕೆ ಆಗಲ್ಲ, ಹಾಗಾಗಿ ಕನ್ವರ್ಷನ್ ಫೇಲ್ ಆಗಿ ಬೈಂಡಿಂಗ್ ನಿಮ್ಮ ಪ್ರಾಪರ್ಟಿನ ಮುಟ್ಟೋದೇ ಇಲ್ಲ, ಒಳಗೆ ಹಳೇ 500 ಹಾಗೇ ಕೂತಿರತ್ತೆ. ಕೆಂಪು ಬಾರ್ಡರ್ ಬರೀ ಬಣ್ಣ, ಅದು ಸೇವ್ ಬಟನ್ನನ್ನ ತಡೆಯಲ್ಲ. ಡಿಸ್ಕೌಂಟ್ ಇಲ್ದೇ ಇರಬಹುದು ಅಂತಾದ್ರೆ ಪ್ರಾಪರ್ಟಿನ ನಲ್ಲಬಲ್ ಡೆಸಿಮಲ್ (ನಲ್, ಅಂದ್ರೆ ಬೆಲೆಯೇ ಇಲ್ಲ ಅನ್ನೋದನ್ನೂ ಒಪ್ಪೋ ಡೆಸಿಮಲ್) ಮಾಡಿ, ಬೈಂಡಿಂಗಲ್ಲಿ ಟಾರ್ಗೆಟ್‌ನಲ್‌ವ್ಯಾಲ್ಯೂ ಖಾಲಿ ಸ್ಟ್ರಿಂಗ್ ಅಂತ ಕೊಡಿ, ಆಗ ಖಾಲಿ ಬಿಟ್ರೆ ನಲ್ ಹೋಗತ್ತೆ. ಸೇವ್‌ಗೆ ಮುಂಚೆ ವ್ಯಾಲಿಡೇಷನ್ ಎರರ್ ಇದೆಯಾ ಅಂತ ಚೆಕ್ ಮಾಡೋದಂತೂ ಬಿಡ್ಬೇಡಿ.

ಮುಂದೆ ಈ ಬದಲಾವಣೆಗೆ ಸ್ವಂತ ಐವ್ಯಾಲ್ಯೂಕನ್ವರ್ಟರ್ ಬರೆದ್ರೆ ಪ್ರಾಪರ್ಟಿಯಿಂದ ಬಾಕ್ಸಿಗೆ ತರೋ ಕನ್ವರ್ಟ್ ಸುಲಭ, ಎಲ್ಲರೂ ಎಡವೋದು ಬಾಕ್ಸಿಂದ ವಾಪಸ್ ಪ್ರಾಪರ್ಟಿಗೆ ಒಯ್ಯೋ ಕನ್ವರ್ಟ್‌ಬ್ಯಾಕಲ್ಲಿ. ಅಲ್ಲಿ ಅಕ್ಷರಗಳನ್ನ ಸಂಖ್ಯೆ ಮಾಡೋಕೆ ನೇರ ಪಾರ್ಸ್ ಬಳಸಿ ಯಾರಾದ್ರೂ "5oo" ಅಂತ ಸೊನ್ನೆ ಬದಲು ಅಕ್ಷರ ಹೊಡೆದ್ರೆ ಎಕ್ಸೆಪ್ಷನ್ (ಪ್ರೋಗ್ರಾಂ ನಿಲ್ಲಿಸೋ ಎರರ್) ಬರತ್ತೆ, ನಮ್ಮ ಕನ್ವರ್ಟರ್ ಎಸೆದ ಎಕ್ಸೆಪ್ಷನ್ನನ್ನ ಬೈಂಡಿಂಗ್ ತಾನಾಗಿ ಹಿಡಿಯಲ್ಲ, ಆ್ಯಪ್ಪೇ ಕ್ರ್ಯಾಶ್. ಎಕ್ಸೆಪ್ಷನ್ ಎಸೆಯದೆ ಆಯ್ತಾ ಇಲ್ವಾ ಅಂತ ಹೇಳೋ ಟ್ರೈಪಾರ್ಸ್ ಬಳಸಿ, ಆಗ್ಲಿಲ್ಲ ಅಂದ್ರೆ ಬೆಲೆ ಸಿಗ್ಲಿಲ್ಲ ಅಂತ ಬೈಂಡಿಂಗಿಗೆ ತಿಳಿಸೋ ಡಿಪೆಂಡೆನ್ಸಿಪ್ರಾಪರ್ಟಿಯ ಅನ್‌ಸೆಟ್‌ವ್ಯಾಲ್ಯೂ ರಿಟರ್ನ್ ಮಾಡಿ. ಸುಮ್ನೆ ಸೊನ್ನೆ ರಿಟರ್ನ್ ಮಾಡೋದು ಬೇಡವೇ ಬೇಡ, ತಪ್ಪು ಟೈಪಿಂಗ್ ಸದ್ದಿಲ್ದೆ ಲೆಕ್ಕದೊಳಗೆ ಸೇರ್ಕೊಳತ್ತೆ.

ತಾರೀಖಿನ ಕಥೆ ಬೇರೆ. ಬೈಂಡಿಂಗ್ ವಿಂಡೋಸ್ ಸೆಟ್ಟಿಂಗ್ ನೋಡಲ್ಲ, ಎಲಿಮೆಂಟಿನ ಲ್ಯಾಂಗ್ವೇಜ್ ಪ್ರಾಪರ್ಟಿ ನೋಡತ್ತೆ, ಅದರ ಡೀಫಾಲ್ಟ್ ಅಮೆರಿಕನ್ ಇಂಗ್ಲಿಷ್. ಅದಕ್ಕೇ ಮಾರ್ಚ್ 4 ನಿಮಗೆ 3/4 ಅಂತ ಕಾಣೋದು, ನಮ್ಮ ಅಂಗಡಿಯವರು ಅದನ್ನ ಏಪ್ರಿಲ್ 3 ಅಂತ ಓದ್ತಾರೆ. ಮೇನ್ ವಿಂಡೋದ ಲ್ಯಾಂಗ್ವೇಜನ್ನ ಎನ್-ಇನ್ (en-IN, ಭಾರತದ ಇಂಗ್ಲಿಷ್) ಅಂತ ಸೆಟ್ ಮಾಡಿ, ಒಳಗಿನ ಕಂಟ್ರೋಲ್‌ಗಳಿಗೂ ಅದೇ ಇಳಿಯತ್ತೆ, ಮೊತ್ತಕ್ಕೆ ಎನ್2 (N2, ಕಾಮಾ ಹಾಕಿ ಎರಡು ದಶಮಾಂಶ ತೋರ್ಸೋ) ಫಾರ್ಮ್ಯಾಟ್ ಕೊಟ್ಟಿದ್ರೆ 12,34,567.00 ಅಂತ ಲಕ್ಷದ ಲೆಕ್ಕದಲ್ಲೇ ಕಾಮಾನೂ ಬೀಳತ್ತೆ. ಬೇರೆ ವಿಂಡೋ ಇದ್ರೆ ಅದಕ್ಕೂ ಸೆಟ್ ಮಾಡ್ಬೇಕು. ಕನ್ವರ್ಟರ್ ಒಳಗೆ ವಿಂಡೋಸ್ ಸೆಟ್ಟಿಂಗಿಂದ ಬರೋ ಕರೆಂಟ್‌ಕಲ್ಚರ್ ಬದಲು ನಾಲ್ಕನೇ ಪ್ಯಾರಾಮೀಟರಾಗಿ ಬರೋ ಕಲ್ಚರನ್ನೇ (ತಾರೀಖು, ಸಂಖ್ಯೆ ಬರೆಯೋ ದೇಶದ ರೀತಿ) ಕನ್ವರ್ಟ್, ಕನ್ವರ್ಟ್‌ಬ್ಯಾಕ್ ಎರಡೂ ಕಡೆ ಬಳಸಿ, ಇಲ್ಲಾಂದ್ರೆ ತೋರ್ಸೋದು ಒಂದು ಕ್ರಮದಲ್ಲಿ, ವಾಪಸ್ ಓದೋದು ಇನ್ನೊಂದು ಕ್ರಮದಲ್ಲಿ ಆಗತ್ತೆ.