ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ

ಪ್ರಶ್ನೆ: ನನ್ನದು 110 ಸಿಸಿ ಗೇರ್‌ರಹಿತ ಸ್ಕೂಟರ್. ಕಾರ್ಬುರೇಟರ್ ಇರುವ ಹಳೆಯ ಮಾದರಿ, 41,000 ಕಿ.ಮೀ. ಓಡಿದೆ. ದಿನವೂ 11 ಕಿ.ಮೀ. ದೂರದ ಕಚೇರಿಗೆ ಹೋಗಿಬರುತ್ತೇನೆ. ಇತ್ತೀಚೆಗೆ ಸಿಗ್ನಲ್ ಬಿಟ್ಟ ಕೂಡಲೇ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ. ಮೇಲ್ಸೇತುವೆ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಏರ್ ಫಿಲ್ಟರ್ ತೆಗೆದು, ದೊಡ್ಡ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಮತ್ತು ಹೊಗೆಯನ್ನು ಹೆಚ್ಚು ತಡೆಯದೆ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದರೆ ಗಾಡಿ ಹಾರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ. ಹಾಕಿಸಲೇ?

ಉತ್ತರ: ಬೇಡ. ಕನಿಷ್ಠ ಈ ತಿಂಗಳು ಬೇಡ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದದ್ದು ಒಂದೇ ಸಾಲಿನಲ್ಲಿದೆ: ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಶಕ್ತಿ ಸಾಲದ ಎಂಜಿನ್ ಕೂಗುವುದಿಲ್ಲ, ನರಳುತ್ತದೆ. ನಿಮ್ಮದು ಕೂಗುತ್ತಿದೆ ಎಂದರೆ ಶಕ್ತಿ ಹುಟ್ಟುತ್ತಿದೆ, ಹಿಂದಿನ ಚಕ್ರದವರೆಗೆ ಬರುತ್ತಿಲ್ಲ. ತೂತು ಬಿದ್ದ ಕೊಡಕ್ಕೆ ಇನ್ನೊಂದು ನಲ್ಲಿ ತಿರುಗಿಸುವ ಸಲಹೆ ನಿಮ್ಮ ಸಹೋದ್ಯೋಗಿಯದು.

ಎಂಜಿನ್‌ನಿಂದ ಚಕ್ರಕ್ಕೆ ಹೋಗುವ ದಾರಿ ಸ್ಕೂಟರಿನ ಎಡಗಡೆಯ ಉದ್ದನೆಯ ಕವರಿನ ಒಳಗಿದೆ. ಮುಂದೆ ಒಂದು ಪುಲ್ಲಿ, ಹಿಂದೆ ಒಂದು ಪುಲ್ಲಿ, ನಡುವೆ ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯೇ ವೇರಿಯೇಟರ್. ಅದರ ಹಿಂಬದಿಯಲ್ಲಿ ಆರು ಸಣ್ಣ ರೋಲರ್‌ಗಳು ಕುಳಿತಿರುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಅವು ಹೊರಕ್ಕೆ ಉರುಳಿ ಪುಲ್ಲಿಯ ಎರಡು ಹೋಳುಗಳನ್ನು ಹತ್ತಿರಕ್ಕೆ ಒತ್ತುತ್ತವೆ. ಒತ್ತಿದಂತೆ ಬೆಲ್ಟ್ ಪುಲ್ಲಿಯ ಅಂಚಿನ ಕಡೆಗೆ ಏರುತ್ತದೆ. ನಾವು ಗೇರ್ ಬದಲಿಸುವ ಕೆಲಸವನ್ನು ಇವು ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ಈ ಉಪಾಯ ಹೊಸದೇನಲ್ಲ. ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ ತನ್ನ ಪುಟ್ಟ ಕಾರಿನಲ್ಲಿ ಬೆಲ್ಟ್ ಮತ್ತು ಬಿಚ್ಚಿಕೊಳ್ಳುವ ಪುಲ್ಲಿಗಳನ್ನು ಕೂರಿಸಿತ್ತು.

ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಹತ್ತೊಂಬತ್ತು ವರ್ಷ ಸ್ಕೂಟರಿನಲ್ಲೇ ಕೆಲಸಕ್ಕೆ ಹೋಗಿಬಂದವಳು, ಬೇರೆಯವರು ಬಿಚ್ಚುವುದನ್ನು ನೋಡಿ ನೋಡಿ ಕೊನೆಗೆ ತಾನೇ ಸ್ಪ್ಯಾನರ್ ಹಿಡಿದವಳು. ಮೊದಲ ಸಲ ಆ ಕವರ್ ತೆಗೆದ ದಿನ ಒಳಗೆಲ್ಲ ಕಾಡಿಗೆಯಂಥ ಕಪ್ಪು ಪುಡಿ. ಸವೆದ ಬೆಲ್ಟೇ ಅದು. (ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.) ರೋಲರ್‌ಗಳನ್ನು ಅಂಗೈಗೆ ಸುರಿದುಕೊಂಡೆ. ಗುಂಡಗಿರಬೇಕಾದವು ಒಂದೊಂದು ಮಗ್ಗುಲಿನಲ್ಲಿ ಚಪ್ಪಟೆಯಾಗಿದ್ದವು. ಮೇಜಿನ ಮೇಲೆ ಇಟ್ಟರೆ ಉರುಳುವ ಬದಲು ಕುಳಿತುಬಿಟ್ಟವು. ಉರುಳದ ರೋಲರ್ ಬೆಲ್ಟನ್ನು ಸರಾಗವಾಗಿ ಹೇಗೆ ಏರಿಸೀತು?

ಬೆಲ್ಟ್ ಎಷ್ಟು ಏರುತ್ತಿದೆ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಮುಂದಿನ ಪುಲ್ಲಿಯನ್ನು ಬಿಚ್ಚಿ, ಬೆಲ್ಟ್ ತಾಗುವ ಮುಖವನ್ನು ಒರೆಸಿ, ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ನೇರವಾಗಿ ಒಂದು ಗೆರೆ ಎಳೆಯಿರಿ. ಎಲ್ಲವನ್ನೂ ಮತ್ತೆ ಜೋಡಿಸಿ, ಖಾಲಿ ರಸ್ತೆಯಲ್ಲಿ ಕಾನೂನು ಒಪ್ಪುವಷ್ಟು ವೇಗದಲ್ಲಿ ಒಂದು ಸುತ್ತು ಹಾಕಿ ಬಂದು ಬಿಚ್ಚಿ. ಬೆಲ್ಟ್ ಹಾದಲ್ಲೆಲ್ಲ ಶಾಯಿ ಅಳಿಸಿರುತ್ತದೆ, ತಲುಪದ ಕಡೆ ಹಾಗೇ ಉಳಿದಿರುತ್ತದೆ. ನನ್ನದರಲ್ಲಿ ಅಂಚಿನ ಬಳಿ ಒಂದು ಬೆರಳಿನಷ್ಟು ಗೆರೆ ಮುಟ್ಟದೆ ಉಳಿದಿತ್ತು. ನನ್ನ ಸ್ಕೂಟರ್ ಎಷ್ಟೋ ತಿಂಗಳಿಂದ ತನ್ನ ಕೊನೆಯ ಗೇರನ್ನೇ ಕಂಡಿರಲಿಲ್ಲ! ಹೊಸ ಬೆಲ್ಟ್, ಹೊಸ ರೋಲರ್ ಹಾಕಿ ಅದೇ ರಸ್ತೆಯಲ್ಲಿ ಹೋಗಿಬಂದಾಗ ಉಳಿದದ್ದು ದಾರದೆಳೆಯಷ್ಟು ಶಾಯಿ. ಬೆಲ್ಟ್ ಸವೆದು ಅಗಲ ಕಡಿಮೆಯಾದರೆ ಪುಲ್ಲಿಯಲ್ಲಿ ಕೆಳಗೇ ಕುಳಿತುಬಿಡುತ್ತದೆ, ಅಷ್ಟೇ ಸಂಗತಿ. ಅಗಲ ಎಷ್ಟಾದಾಗ ಬದಲಿಸಬೇಕು ಎಂಬುದು ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತದೆ. 41,000 ಕಿ.ಮೀ.ಗೆ ನಿಮ್ಮ ಬೆಲ್ಟ್ ಒಮ್ಮೆಯೂ ಬದಲಾಗಿಲ್ಲವಾದರೆ ಅಳೆಯುವ ಅಗತ್ಯವೂ ಇಲ್ಲ, ಬದಲಿಸಿ.

ನೀವೇ ಬಿಚ್ಚುವುದಾದರೆ ಎರಡು ಎಚ್ಚರಿಕೆ. ಪುಲ್ಲಿಯ ನಟ್ ಬಿಗಿಯಾಗಿರುತ್ತದೆ. ಪುಲ್ಲಿ ತಿರುಗದಂತೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಅದರ ಮೇಲಿನ ಗಾಳಿಯ ರೆಕ್ಕೆಗಳು ಮುರಿಯುತ್ತವೆ. ಪುಲ್ಲಿ ಹಿಡಿಯಲೆಂದೇ ಇರುವ ಸಲಕರಣೆ ಸಿಗುತ್ತದೆ, ಅದನ್ನು ಬಳಸಿ. ಇನ್ನು ಬೆಲ್ಟ್ ತಾಗುವ ಜಾಗಕ್ಕೆ ಗ್ರೀಸ್ ಸೋಕಲೇಬಾರದು. ಸೋಕಿದರೆ ಈಗ ಇರುವ ಪಿಕಪ್ ಕೂಡ ಜಾರಿಹೋಗುತ್ತದೆ.

ಅದೇ ಕವರಿನೊಳಗೆ ಹಿಂಬದಿಯಲ್ಲಿ ಕ್ಲಚ್ ಶೂಗಳಿವೆ, ಎಂಜಿನ್ ವೇಗ ಹೆಚ್ಚಿದಾಗ ಹೊರಚಾಚಿ ಚಕ್ರಕ್ಕೆ ಶಕ್ತಿ ದಾಟಿಸುವ, ವೇಗ ಇಳಿದಾಗ ತಾವಾಗಿಯೇ ಬಿಟ್ಟುಕೊಳ್ಳುವ ತುಂಡುಗಳು. ಹೊರಡುವಾಗ ಗಾಡಿ ಗಡಗಡ ನಡುಗಿದರೆ, ಇಲ್ಲವೇ ಆಕ್ಸಿಲರೇಟರ್ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಚಲಿಸಿದರೆ ಅವುಗಳ ಮೇಲ್ಮೈ ಗಾಜಿನಂತೆ ನುಣುಪಾಗಿದೆಯೇ ನೋಡಿ. ಟೈರಿನ ಗಾಳಿ ಪರೀಕ್ಷಿಸಲು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ. ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿದುಕೊಂಡಿದೆ, ನೀವು ದಿನವೂ ಬ್ರೇಕ್ ಅದುಮಿಕೊಂಡೇ ಕಚೇರಿಗೆ ಹೋಗುತ್ತಿದ್ದೀರಿ.

ಈಗ ಏರ್ ಫಿಲ್ಟರ್ ವಿಷಯ. ಇದರಲ್ಲಿ ನನಗೆ ಸ್ವಂತ ಅನುಭವವಿದೆ, ಹೆಮ್ಮೆಪಡುವಂಥದ್ದಲ್ಲ. ನನ್ನ ಮೊದಲ ಸ್ಕೂಟರ್ ಎರಡು ಸ್ಟ್ರೋಕಿನದು. ಯಾರದೋ ಮಾತು ಕೇಳಿ ಅದರ ಫಿಲ್ಟರಿನ ಸ್ಪಂಜು ತೆಗೆದುಹಾಕಿದೆ. ಜೆಟ್ ಬದಲಿಸಲಿಲ್ಲ. ಮೂರು ದಿನ ಗಾಡಿ ಜೋರಾಗಿ ಉಸಿರಾಡಿತು. ನನಗೂ ಅದಕ್ಕೂ ಬಹಳ ಖುಷಿ. ನಾಲ್ಕನೆಯ ದಿನ ನೇರ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿದ್ದಾಗ ಕೀಚಲು ದನಿಯೊಂದು ಕೇಳಿ ಎಂಜಿನ್ ನಿಂತಿತು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಎರಡು ಸ್ಟ್ರೋಕಿನಲ್ಲಿ ಎಣ್ಣೆ ಬರುವುದೂ ಅದೇ ಪೆಟ್ರೋಲಿನ ಜೊತೆಯಲ್ಲಿ. ಪಿಸ್ಟನ್ ಉಬ್ಬಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು. ಕ್ಲಚ್ ತಾನಾಗಿಯೇ ಬಿಟ್ಟುಕೊಂಡದ್ದರಿಂದ ಹಿಂದಿನ ಚಕ್ರ ಹಿಡಿಯಲಿಲ್ಲ, ನಾನು ಬೀಳಲಿಲ್ಲ. ಆ ಪಿಸ್ಟನ್ ಈಗಲೂ ನನ್ನ ಮೇಜಿನ ಮೇಲಿದೆ, ಮೈಮೇಲೆ ಉದ್ದುದ್ದ ಗೀರುಗಳ ಸಮೇತ. ಕಾಗದ ಹಾರದಂತೆ ಇಡಲು ಚೆನ್ನಾಗಿದೆ.

ನಿಮ್ಮ ನಾಲ್ಕು ಸ್ಟ್ರೋಕಿನ ಎಂಜಿನ್ ಅಷ್ಟು ಬೇಗ ಸಾಯುವುದಿಲ್ಲ, ಆದರೆ ಫಿಲ್ಟರ್ ಇಲ್ಲದೆ ದೂಳು ತಿಂದು ನಿಧಾನವಾಗಿ ಸವೆಯುತ್ತದೆ. ಆದ್ದರಿಂದ ಫಿಲ್ಟರ್ ತೆಗೆಯಬೇಡಿ, ಹೊಸದು ಹಾಕಿ. ಎಣ್ಣೆ ಲೇಪಿಸಿದ ಕಾಗದದ ಫಿಲ್ಟರ್ ಆದರೆ ಕಂಪ್ರೆಸರ್ ಗಾಳಿ ಹೊಡೆದು ಉಳಿಸಿಕೊಳ್ಳುವ ಆಸೆಯೂ ಬೇಡ. ಜೊತೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು.

ಇಷ್ಟಾದ ಮೇಲೂ ಪಿಕಪ್ ಸಾಲದು ಎನಿಸಿದರೆ ಸ್ವಲ್ಪ ಹಗುರವಾದ ರೋಲರ್ ಹಾಕಿ ನೋಡಬಹುದು. ನಾನು 13 ಗ್ರಾಮಿನವನ್ನು ತೆಗೆದು 11 ಗ್ರಾಮಿನವನ್ನು ಹಾಕಿದ್ದೆ. ಸಿಗ್ನಲಿನಿಂದ ಗಾಡಿ ಚಿಮ್ಮಿತು, ಏರು ಸಲೀಸಾಯಿತು. ಬದಲಿಗೆ ಎಂಜಿನ್ ಇಡೀ ದಾರಿ ಮೇಲಿನ ಸ್ಥಾಯಿಯಲ್ಲೇ ಹಾಡತೊಡಗಿತು, ಮೈಲೇಜ್ ಇಳಿಯಿತು. ಎರಡು ತಿಂಗಳಿಗೆ ತಲೆನೋವು ಬಂದು ಮೂರು 13, ಮೂರು 11 ಗ್ರಾಮಿನವನ್ನು ಒಂದು ಬಿಟ್ಟು ಒಂದರಂತೆ ಕೂರಿಸಿದೆ. ಇಂದಿಗೂ ಹಾಗೇ ಓಡಿಸುತ್ತಿದ್ದೇನೆ.

ಸೈಲೆನ್ಸರಿನ ಬಗ್ಗೆ ಲೆಕ್ಕವೊಂದನ್ನು ಮಾತ್ರ ಕೊಡುತ್ತೇನೆ. ನಿಮ್ಮ 11 ಕಿ.ಮೀ.ಯನ್ನು ಎಲ್ಲೂ ನಿಲ್ಲದೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ 13 ನಿಮಿಷ 12 ಸೆಕೆಂಡ್, 60ರಲ್ಲಿ ಹೋದರೆ 11 ನಿಮಿಷ. ಉಳಿಯುವುದು ಎರಡೂಕಾಲು ನಿಮಿಷಕ್ಕೂ ಕಡಿಮೆ, ಅದೂ ಸಿಗ್ನಲ್‌ಗಳೇ ಇಲ್ಲದ ಲೋಕದಲ್ಲಿ. ಸದ್ದು ಮಾತ್ರ ಪ್ರತಿ ಸೆಕೆಂಡೂ ಜೊತೆಗಿರುತ್ತದೆ.

ಪ್ರಶ್ನೆ: ಹೆಚ್ಚು ಆಕ್ಟೇನ್ ಇರುವ ದುಬಾರಿ ಪೆಟ್ರೋಲ್ ಹಾಕಿಸಿದರೆ ಸಣ್ಣ ಸ್ಕೂಟರಿಗೆ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಒತ್ತಡಕ್ಕೆ ಸಿಕ್ಕಾಗ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಉರಿದುಬಿಡದಂತೆ ತಾಳಿಕೊಳ್ಳುವ ಗುಣದ ಅಳತೆಯೇ ಆಕ್ಟೇನ್. ಶಕ್ತಿಯ ಅಳತೆ ಅಲ್ಲ. ನಿಮ್ಮ ಕೈಪಿಡಿ ಸಾಧಾರಣ ಪೆಟ್ರೋಲ್ ಸಾಕು ಎಂದಿದ್ದು, ಎಂಜಿನ್‌ನಿಂದ ಟಕಟಕ ಬಡಿತ ಕೇಳುತ್ತಿಲ್ಲವಾದರೆ ಆ ಹಣದಲ್ಲಿ ಹೊಸ ಪ್ಲಗ್ ಕೊಳ್ಳಿ.

ಪ್ರಶ್ನೆ: ಯುರೋಪಿನಲ್ಲಿ ಓದುತ್ತಿರುವ ಮಗ 50 ಸಿಸಿ ಮೊಪೆಡ್ ಇಟ್ಟುಕೊಂಡಿದ್ದಾನೆ. ಅದು 45 ಕಿ.ಮೀ. ವೇಗ ದಾಟುವುದಿಲ್ಲ. ವೇರಿಯೇಟರಿನೊಳಗಿನ ಒಂದು ವಾಷರ್ ತೆಗೆದರೆ ಸಾಕಂತೆ. ತೆಗೆಯಲು ಹೇಳಲೇ?

ಉತ್ತರ: ಆ ವಾಷರ್ ಮರೆತು ಉಳಿದದ್ದಲ್ಲ, ಬೇಕೆಂದೇ ಇಟ್ಟದ್ದು. ಮುಂದಿನ ಪುಲ್ಲಿ ಪೂರ್ತಿ ಮುಚ್ಚದಂತೆ ಅದು ತಡೆಯುತ್ತದೆ. ಯುರೋಪಿನ ಒಕ್ಕೂಟದಲ್ಲಿ ಮೊಪೆಡ್ ಎಂಬ ವರ್ಗದ ಮಿತಿಯೇ 50 ಸಿಸಿ ಮತ್ತು ಗಂಟೆಗೆ 45 ಕಿ.ಮೀ. ವಾಷರ್ ತೆಗೆದ ಕ್ಷಣ ಕಾನೂನಿನ ಕಣ್ಣಿಗೆ ಅದು ಮೊಪೆಡ್ ಆಗಿ ಉಳಿಯುವುದಿಲ್ಲ. ಮಗನ ಲೈಸೆನ್ಸ್, ವಿಮೆ ಎರಡೂ ಆ ಗಾಡಿಗೆ ಹೊಂದದೆ ಹೋಗಬಹುದು. ಅಪಘಾತವಾದ ದಿನ ವಿಮಾ ಕಂಪನಿಯವರು ಮೊದಲು ಹುಡುಕುವುದು ಇಂಥದ್ದನ್ನೇ. ಇನ್ನೊಂದು ಮಾತು: ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. 45ರಿಂದ 60ಕ್ಕೆ ಹೋಗಲು ಅದೊಂದಕ್ಕೇ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಅವನ ಗಾಡಿಯ ಬ್ರೇಕು, ಟೈರುಗಳು ಆ ವೇಗಕ್ಕೆಂದು ಮಾಡಿದವಲ್ಲ. ವೇಗ ಬೇಕೇ ಬೇಕಾದರೆ ದೊಡ್ಡ ಲೈಸೆನ್ಸ್ ಮಾಡಿಸಿಕೊಂಡು 125 ಸಿಸಿ ಕೊಳ್ಳಲಿ.

ಪ್ರಶ್ನೆ: ಬೆಳಿಗ್ಗೆ ಸ್ಕೂಟರ್ ಚಾಲೂ ಮಾಡಿ ಐದು ನಿಮಿಷ ನಿಂತಲ್ಲೇ ಬಿಸಿಮಾಡುತ್ತೇನೆ. ಸರಿಯೇ?

ಉತ್ತರ: ನೆರೆಮನೆಯವರನ್ನು ಕೇಳಿದ್ದೀರಾ? ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯುವಷ್ಟು ಹೊತ್ತು ಸಾಕು. ಚೋಕ್ ಎಳೆದಿದ್ದರೆ ಒಳಕ್ಕೆ ತಳ್ಳಲು ಮರೆಯಬೇಡಿ. ಮೊದಲ ಒಂದೆರಡು ಕಿ.ಮೀ. ಮೆಲ್ಲಗೆ ಹೋಗಿ, ಎಂಜಿನ್ ದಾರಿಯಲ್ಲೇ ಬಿಸಿಯಾಗುತ್ತದೆ.