ಪಾಂಪೇಯಲ್ಲಿ ಒಂದು ದಿನ: ಏನು ನೋಡುವುದು, ಏನು ತಿನ್ನುವುದು?

ಪ್ರಶ್ನೆ: ಮಗಳು ರೋಮ್‌ನಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ. ಪಾಂಪೇಗೆ ಅಂತ ಸಿಗುವುದು ಒಂದೇ ದಿನ. ಯಜಮಾನರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಏನು ನೋಡಬೇಕು, ಎಲ್ಲಿ ಊಟ?
– ಓದುಗರೊಬ್ಬರು, ಉಡುಪಿ

ಉತ್ತರ: ಅಕ್ಕ, ಒಂದು ದಿನ ಸಾಕು. ಆದರೆ ಇಡೀ ಊರು ಮುಗಿಸಿಯೇ ಬರುತ್ತೇವೆ ಅಂತ ಹೊರಡಬೇಡಿ. 66 ಹೆಕ್ಟೇರಿನ ಊರದು, ಮೂರರಲ್ಲಿ ಎರಡು ಪಾಲು ಅಗೆದಾಗಿದೆ, ಕಾಲಡಿಯಲ್ಲಿ ಉಬ್ಬುತಗ್ಗಿನ ಕಲ್ಲು, ನೆರಳು ತುಂಬಾ ಕಡಿಮೆ. ಫೋರಂ ಅನ್ನುವ ಊರ ನಡುವಿನ ಚೌಕ, ಸ್ನಾನದ ಮನೆಗಳು, ಆಂಫಿಥಿಯೇಟರ್ ಅನ್ನುವ ದುಂಡನೆಯ ಬಯಲು ರಂಗ ಇವನ್ನು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಉಳಿದ ಹೊತ್ತನ್ನು ಆ ಊರಿನವರು ಏನು ತಿನ್ನುತ್ತಿದ್ದರು ಅಂತ ಹುಡುಕುವುದಕ್ಕೆ ಕೊಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಊರು ಬೂದಿಯಲ್ಲಿ ಹೂತುಹೋಯಿತು ಅಂತ ಶಾಲೆಯಲ್ಲೇ ಓದಿದ್ದೆ. ನನಗೆ ಅದು ನಿಜವಾಗಿ ತಟ್ಟಿದ್ದು ಅಲ್ಲಿನ ಬೇಕರಿಯ ಅಂಗಳದಲ್ಲಿ ನಿಂತಾಗ.

ಮೊದಲು ಆ ಬೇಕರಿಗೇ ಹೋಗಿ. ಸೊಂಟದೆತ್ತರದ ಬೀಸುಕಲ್ಲುಗಳು ಸಾಲಾಗಿ ನಿಂತಿವೆ. ಕಪ್ಪು ಲಾವಾ ಕಲ್ಲು, ನಡುವಲ್ಲಿ ಸಣ್ಣ, ಮೇಲೂ ಕೆಳಗೂ ಅಗಲ, ಥೇಟ್ ಡಮರುಗದ ಆಕಾರ. ಮರದ ತೊಲೆಗೆ ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಪಕ್ಕದಲ್ಲೇ ಇಟ್ಟಿಗೆಯ ಒಲೆ. ಇಂಥದೇ ಇನ್ನೊಂದು ಬೇಕರಿಯ ಒಲೆಯಲ್ಲಿ 81 ರೊಟ್ಟಿಗಳು ಸಿಕ್ಕಿದ್ದವು, ಇದ್ದಿಲಾಗಿ. ಅಂಥ ರೊಟ್ಟಿ ಈಗ ಹತ್ತಿರದ ನೇಪಲ್ಸ್ ನಗರದ ಪುರಾತತ್ವ ಮ್ಯೂಸಿಯಂನಲ್ಲಿದೆ. ದುಂಡಗಿದೆ, ಮೇಲೆ ಎಂಟು ಪಾಲಿನ ಗೀಟು ಹಾಗೇ ಉಳಿದಿದೆ. ಆ ಗೀಟು ನೋಡುತ್ತಾ ನಾನು ಸುಮ್ನೆ ತುಂಬಾ ಹೊತ್ತು ನಿಂತುಬಿಟ್ಟಿದ್ದೆ. ಯಾರೋ ಎಂಟು ಜನರಿಗೆ ಹಂಚಬೇಕಾಗಿದ್ದ ರೊಟ್ಟಿ ಅದು, ಅಲ್ವಾ?

ಆಮೇಲೆ ಥರ್ಮೊಪೋಲಿಯಂ, ಅಂದರೆ ಅವರ ಹೋಟೆಲು. ಬೀದಿಗೆ ಮುಖಮಾಡಿದ ಗಾರೆಯ ಕಟ್ಟೆ, ಅದರೊಳಗೆ ಹೂತಿಟ್ಟ ಮಣ್ಣಿನ ಭರಣಿಗಳು. ಊರಲ್ಲಿ ಇಂಥವು 80ರಷ್ಟಿದ್ದವು, ಏಕೆಂದರೆ ಬಡವರ ಮನೆಗಳಲ್ಲಿ ಹೆಚ್ಚಾಗಿ ಅಡುಗೆಮನೆಯೇ ಇರಲಿಲ್ಲ. 2020ರಲ್ಲಿ ಪೂರ್ತಿ ಹೊರಬಂದ ಒಂದು ಕಟ್ಟೆಯನ್ನು ತಪ್ಪಿಸಬೇಡಿ. ಅದರ ಮೇಲೆ ಹುಂಜ, ತಲೆಕೆಳಗಾಗಿ ತೂಗುಬಿದ್ದ ಬಾತುಕೋಳಿಗಳ ಚಿತ್ರವಿದೆ, ಬಣ್ಣ ಇನ್ನೂ ಮಾಸಿಲ್ಲ. ಅಲ್ಲಿ ಸಿಕ್ಕಿದ ಪಾತ್ರೆಗಳಲ್ಲಿ ಬಾತಿನ ಮೂಳೆಯೂ ಇತ್ತು. ನಮ್ಮಲ್ಲಿ ಗೋಡೆಗೆ ತಿಂಡಿಯ ಬೋರ್ಡ್ ಹಾಕುತ್ತಾರಲ್ಲ, ಆ ಕೆಲಸವನ್ನು ಈ ಚಿತ್ರಗಳೇ ಮಾಡುತ್ತಿದ್ದವೇನೋ ಅಂತ ನನಗನಿಸಿತು.

ನಡುವೆ ಬೀದಿಯ ನೀರಿನ ತೊಟ್ಟಿಗಳು ಸಿಗುತ್ತವೆ. ಅಂಚಿನ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿ. ನೀರು ಕುಡಿಯಲು ಬಗ್ಗುವವರು ಕೈ ಊರಿ ಊರಿ ಕಲ್ಲೇ ಸವೆದಿದೆ. ನಮ್ಮ ಅಜ್ಜಿಮನೆಯ ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿದ ಗುರುತಿತ್ತು, ಅದೇ ನೆನಪಾಯಿತು.

ಈಗ ಯಜಮಾನರ ಹೊಟ್ಟೆಯ ವಿಚಾರ. ನೇಪಲ್ಸ್‌ಗೆ ವಾಪಸು ಬಂದು ಪಿಜ್ಜಾ ಮಾರಿನಾರ ಹೇಳಿ. ಹೆಸರು ಸಮುದ್ರದ್ದು, ಆದರೆ ಮೀನಿಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಅಷ್ಟೇ. ಅಲ್ಲಿನ ಸಂಪ್ರದಾಯದ ಹಿಟ್ಟಿಗೆ ಮೈದಾ, ನೀರು, ಉಪ್ಪು, ಯೀಸ್ಟ್ ಬಿಟ್ಟು ಬೇರೇನೂ ಹಾಕುವುದಿಲ್ಲ. ಒಂದೂವರೆ ನಿಮಿಷದೊಳಗೆ ಬೆಂದು ಬರುತ್ತದೆ. ಮಧ್ಯ ಮೆತ್ತಗೆ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ. ಜೊತೆಗೆ ಫ್ರಿಯಾರಿಯೆಲ್ಲಿ ಅನ್ನುವ ಸ್ವಲ್ಪ ಕಹಿ ಸೊಪ್ಪಿನ ಪಲ್ಯ ತಗೊಳ್ಳಿ, ಬೆಳ್ಳುಳ್ಳಿ ಒಣಮೆಣಸು ಹಾಕಿರುತ್ತಾರೆ, ನಮ್ಮ ಬಾಯಿಗೆ ಚೆನ್ನಾಗಿ ಹೊಂದುತ್ತದೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ತರಾಲ್ಲಿ ಅಂತ ಮೆಣಸು, ಬಾದಾಮಿ ಹಾಕಿದ ಚಕ್ಕುಲಿಯಂಥ ತಿಂಡಿ ಬೀದಿಬೀದಿಯಲ್ಲಿ ಸಿಗುತ್ತದೆ. ಶುದ್ಧ ಸಸ್ಯಾಹಾರಿಯಾದ ನಮ್ಮ ಅತ್ತಿಗೆ ಒಂದು ಪೂರ್ತಿ ತಿಂದ ಮೇಲೆ ಗೊತ್ತಾಯಿತು, ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ ಅಂತ. ಆ ದಿನವಿಡೀ ಅವರು ಬೇರೇನೂ ಮುಟ್ಟಲಿಲ್ಲ. ನನಗೂ ತುಂಬಾ ಬೇಜಾರಾಯಿತು, ನಾನೇ ಮೊದಲು ಕೇಳಬೇಕಿತ್ತು. ಸ್ಫೋಲ್ಯಾತೆಲ್ಲ ಅನ್ನುವ ಪದರದ ಸಿಹಿಯಲ್ಲೂ ಅದಿರುತ್ತದೆ. ಹಂದಿ ಕೊಬ್ಬಿಗೆ ಅಲ್ಲಿನವರು ಹೇಳುವ ‘ಸ್ತ್ರುತ್ತೊ’ ಅನ್ನುವ ಶಬ್ದ ನೆನಪಿಟ್ಟುಕೊಂಡು, ಇದೆಯಾ ಅಂತ ಕೇಳಿಯೇ ತಗೊಳ್ಳಿ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದೂ ತಿಳಿದಿರಲಿ. ಬೆಳಗ್ಗಿನ ಹೊತ್ತಿಗೆ ಮನೆಯಿಂದ ಒಂದಿಷ್ಟು ಅವಲಕ್ಕಿ ಕಟ್ಟಿಕೊಂಡು ಹೋಗಿ.

ಪ್ರಶ್ನೆ: ರೋಮನ್ನರು ಮೀನು ಕೊಳೆಸಿದ ರಸ ತಿನ್ನುತ್ತಿದ್ದರಂತೆ, ಹೌದಾ? ಈಗಲೂ ಸಿಗುತ್ತದಾ?
– ಓದುಗರೊಬ್ಬರು, ಬಂದರ್, ಮಂಗಳೂರು

ಉತ್ತರ: ಹೌದು, ಗಾರುಂ ಅಂತ ಅದರ ಹೆಸರು. ಮೀನು, ಅದರ ಕರುಳು, ಜಾಸ್ತಿ ಉಪ್ಪು ಸೇರಿಸಿ ಬಿಸಿಲಲ್ಲಿ ವಾರಗಟ್ಟಲೆ ಬಿಟ್ಟು ರಸ ಸೋಸುತ್ತಿದ್ದರು. ಉಪ್ಪು ಬಿಗಿಯಾಗಿರುವುದರಿಂದ ಅದು ಕೊಳೆಯುವುದಿಲ್ಲ, ಹುದುಗುತ್ತದೆ. ಪಾಂಪೇಯ ಔಲುಸ್ ಉಂಬ್ರಿಸಿಯುಸ್ ಸ್ಕೌರುಸ್ ಇದೇ ವ್ಯಾಪಾರದಲ್ಲಿ ಶ್ರೀಮಂತನಾದ. ಮನೆಯ ನೆಲದ ಮೊಸಾಯಿಕ್‌ನಲ್ಲಿ ತನ್ನ ರಸದ ಜಾಡಿಗಳನ್ನೇ ಲೇಬಲ್ ಸಮೇತ ಮಾಡಿಸಿದ್ದ! ಅದರ ಹತ್ತಿರದ ಸಂಬಂಧಿ ಈಗಲೂ ಅಮಾಲ್ಫಿ ಕರಾವಳಿಯ ಚೆತಾರ ಅನ್ನುವ ಮೀನುಗಾರರ ಊರಲ್ಲಿ ತಯಾರಾಗುತ್ತದೆ, ಕೊಲಾತೂರ ಅಂತ. ಕೊಳ್ಳತರುವಿನಂಥ ಸಣ್ಣ ಮೀನನ್ನು ಉಪ್ಪಿನ ಜೊತೆ ಪದರ ಪದರವಾಗಿ ಮರದ ಪೀಪಾಯಿಯಲ್ಲಿ ಒತ್ತಿಡುತ್ತಾರೆ, ಜೇನಿನ ಬಣ್ಣದ ರಸ ಇಳಿಯುತ್ತದೆ. ಬಿಸಿ ಸ್ಪಗೆಟ್ಟಿಗೆ ಎರಡು ಚಮಚ ಸಾಕು. ಒಣಮೀನಿನ ಪರಿಮಳ ಗೊತ್ತಿರುವ ನಿಮಗೆ ಖಂಡಿತ ಹಿಡಿಸುತ್ತದೆ.

ಪ್ರಶ್ನೆ: ರೋಮ್‌ನಿಂದ ಪಾಂಪೇಗೆ ಹೋಗಿ ಬರಲು ಒಂದು ದಿನ ಸಾಕಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಸಾಕು. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಲ್ಲಿ ಸುಮಾರು ಒಂದೂಕಾಲು ಗಂಟೆ. ಅದೇ ನಿಲ್ದಾಣದ ಕೆಳಗಡೆಯಿಂದ ಸೊರೆಂಟೊ ಕಡೆಯ ಲೋಕಲ್ ರೈಲು ಹಿಡಿದು ‘ಪೊಂಪೇಯಿ ಸ್ಕಾವಿ’ ಯಲ್ಲಿ ಇಳಿಯಿರಿ, ಗೇಟು ಎದುರಿಗೇ ಇದೆ. ಬರೀ ‘ಪೊಂಪೇಯಿ’ ಅನ್ನುವ ನಿಲ್ದಾಣ ಬೇರೆ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟಿನಲ್ಲಿ ಹೆಸರೂ ಇರುತ್ತದೆ, ಹಾಗಾಗಿ ಮೊದಲೇ ಬುಕ್ ಮಾಡಿ, ಪಾಸ್‌ಪೋರ್ಟ್ ಕೈಯಲ್ಲಿರಲಿ. ನೇಪಲ್ಸ್ ಮ್ಯೂಸಿಯಂಗೆ ಮಂಗಳವಾರ ರಜೆ.