ಒಂದು ಸೆಂಟಿನ ಉದ್ಯಾನ

ಪತ್ರ: ಮಗಳ ಮನೆಗೆಂದು ಅಮೆರಿಕದ ಒಕ್ಲಹೋಮಾ ಸಿಟಿಗೆ ಹೋಗಿದ್ದೆ. ಅಲ್ಲಿನ ಸಿಸರ್‌ಟೇಲ್ ಪಾರ್ಕ್ ನೋಡಿ ಬೆರಗಾದೆ. ಅಂಗಡಿ ಸಾಮಾನಿನ ಮೇಲೆ ತೆರಿಗೆ ಹಾಕಿ ಅದನ್ನು ಕಟ್ಟಿದರಂತೆ. ಬಡವರ ಜೇಬಿಗೆ ಕೈಹಾಕುವ ಬದಲು ಬಾಂಡ್ ಹೊರಡಿಸಬಹುದಿತ್ತಲ್ಲವೇ? ನಮ್ಮಲ್ಲಿ ಇಂಥದ್ದು ಏಕೆ ಆಗುವುದಿಲ್ಲ?
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿನಲ್ಲಿ ಹುರುಳಿದೆ. ಮಾರಾಟ ತೆರಿಗೆಗೆ ಬಡವ, ಬಲ್ಲಿದ ಎಂಬ ಭೇದವಿಲ್ಲ. ಒಕ್ಲಹೋಮಾ ರಾಜ್ಯವು ದಿನಸಿಯ ಮೇಲಿನ ತನ್ನ ಶೇ 4.5ರ ತೆರಿಗೆಯನ್ನು 2024ರಲ್ಲಿ ಕೈಬಿಟ್ಟಿತು. ಆದರೆ ನಗರದ ತೆರಿಗೆ ಹಾಲು, ಬ್ರೆಡ್ಡಿನ ಮೇಲೆ ಹಾಗೆಯೇ ಉಳಿಯಿತು. ಇದು ತಪ್ಪು ಎಂದೇ ನಾನು ಹೇಳುತ್ತೇನೆ.

ಆದರೆ ಬಾಂಡ್ ಎಂದರೆ ಸಾಲ. ಅದನ್ನೂ ಯಾರೋ ಒಬ್ಬರು ತೀರಿಸಲೇಬೇಕು. ಅಮೆರಿಕದ್ದೇ ಇನ್ನೊಂದು ನಗರ ಸೇಂಟ್ ಲೂಯಿಸ್‌ನವರು 2013ರಲ್ಲಿ ಪ್ರತಿ ಡಾಲರಿನ ಖರೀದಿಗೆ ಒಂದು ಸೆಂಟಿನ (ಡಾಲರಿನ ನೂರನೇ ಒಂದು ಭಾಗದ) ಹದಿನಾರರಲ್ಲಿ ಮೂರು ಪಾಲಿನಷ್ಟು ಮಾರಾಟ ತೆರಿಗೆಗೆ ಮತ ಕೊಟ್ಟರು. ಅದರ ಆಧಾರದ ಮೇಲೆಯೇ ಬಾಂಡ್ ಹೊರಡಿಸಿ, ಅಲ್ಲಿನ ಪ್ರಸಿದ್ಧ ಕಮಾನಿನ ಸುತ್ತಲಿನ ಮೈದಾನವನ್ನು ಐದು ವರ್ಷಗಳಲ್ಲಿ ಹೊಸದು ಮಾಡಿದರು. ಬೇಗ ಮುಗಿಯಿತು, ಬಡ್ಡಿ ಹೆಗಲೇರಿತು. ಒಕ್ಲಹೋಮಾ ಸಿಟಿಯವರು ಸಾಲದ ಗೋಜಿಗೇ ಹೋಗಲಿಲ್ಲ. ಮೇಯರ್ ರಾನ್ ನೋರಿಕ್ ಅವರ ಕಾಲದಲ್ಲಿ, 1993ರಲ್ಲಿ, ಡಾಲರಿಗೊಂದು ಸೆಂಟ್ ಮಾರಾಟ ತೆರಿಗೆ ಕೊಡಲು ಜನ ಮೊದಲ ಸಲ ಒಪ್ಪಿದರು. 2009ರ ಡಿಸೆಂಬರ್‌ನಲ್ಲಿ ಮತ್ತೆ ಒಪ್ಪಿದಾಗ 77.7 ಕೋಟಿ ಡಾಲರಿನ ಕೆಲಸಗಳ ಪಟ್ಟಿ ಅವರ ಮುಂದಿತ್ತು. ನೀವು ನೋಡಿದ 70 ಎಕರೆಯ ಉದ್ಯಾನ ಅದರಲ್ಲಿ ಒಂದು. ಮೇಲ್ಭಾಗ ತೆರೆದದ್ದು 2019ರಲ್ಲಿ, ಉಳಿದದ್ದು 2022ರಲ್ಲಿ. ಮತದಾನದ ದಿನ ಐದು ವರ್ಷದ ಮಗುವಾಗಿದ್ದವನು ಅಲ್ಲಿಗೆ ಆಡಲು ಹೋಗುವ ಹೊತ್ತಿಗೆ ಮೀಸೆ ಚಿಗುರಿತ್ತು! ಸಾಲವಿಲ್ಲದ ಉದ್ಯಾನಕ್ಕೆ ತೆತ್ತ ಬೆಲೆ ಅದು.

ಅಷ್ಟು ದಿನ ಜನ ಏಕೆ ಕಾದರು? ತೆರಿಗೆ ಎಂದು ಮುಗಿಯುತ್ತದೆ ಎಂಬುದು ಮೊದಲೇ ನಿಗದಿಯಾಗಿತ್ತು, ಖರ್ಚಿನ ಮೇಲೆ ಕಣ್ಣಿಡಲು ನಾಗರಿಕರ ಮಂಡಳಿಯೊಂದಿತ್ತು. ತಾವು ಕೊಟ್ಟ ಹಣ ಏನಾಯಿತೆಂದು ಅವರು ಕಣ್ಣಾರೆ ನೋಡಬಹುದಿತ್ತು. ನನಗೆ ಹೊಟ್ಟೆಕಿಚ್ಚಾಗುವುದು ಆ ಉದ್ಯಾನದ ಕೆರೆ ಕಂಡು ಅಲ್ಲ, ಇದನ್ನು ಕಂಡು.

ಇನ್ನು ನಮ್ಮ ವಿಷಯ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಪಾಲಿಕೆಗಳು ಮಾರಾಟ ತೆರಿಗೆಯ ಕನಸು ಕಾಣುವಂತಿಲ್ಲ. ಬಾಂಡ್ ನಮಗೆ ಹೊಸದಲ್ಲ. 1997ರಲ್ಲೇ ಬೆಂಗಳೂರು 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ದೇಶಕ್ಕೆ ಮೊದಲಾಗಿತ್ತು. 1985ರ ಉದ್ಯಾನ ಕಾಯ್ದೆಯೂ ಇದೆ. ಆದರೆ ಅದು ಪಾರ್ಕಿನ ಜಾಗ ಕಾಯುತ್ತದೆಯೇ ಹೊರತು ಮುರಿದ ಜೋಕಾಲಿಗೆ ಸರಪಳಿ ತಂದುಕೊಡುವುದಿಲ್ಲ.

ಉಳಿದದ್ದು ಆಸ್ತಿ ತೆರಿಗೆ. ನಿಮ್ಮ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3 ಎಂದು ಸಾಲುಗಳಿರುತ್ತವೆ. ಉದ್ಯಾನದ ಹೆಸರಿನ ಸಾಲು ಇರುವುದಿಲ್ಲ. ಐದು ವರ್ಷಕ್ಕೆ ಮಾತ್ರ, ನಮ್ಮ ವಾರ್ಡಿನ ಪಾರ್ಕಿಗೆ ಮಾತ್ರ ಎಂದು ಬರೆದುಕೊಟ್ಟು, ಪ್ರತಿ ತಿಂಗಳ ಲೆಕ್ಕವನ್ನು ಪಾರ್ಕಿನ ಗೇಟಿಗೆ ಅಂಟಿಸುವುದಾದರೆ ಅಂಥದ್ದೊಂದು ಸಾಲಿಗೆ ನಾನು ಸಂತೋಷದಿಂದ ಹಣ ಕಟ್ಟುತ್ತೇನೆ. ನೀವು ಕಟ್ಟುತ್ತೀರಾ? ನಿಮ್ಮ ಬೀದಿಯವರನ್ನೂ ಕೇಳಿ ಬರೆಯಿರಿ. ಬಂದ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.